ಇಳಕಲ್ ಸೀರೆಯ ಕೆಳಗಿದ್ದ ಪಾಸ್‌ಪೋರ್ಟು

ನನ್ನ ಮಗಳು ಎಂಟನೇ ತರಗತಿಯಲ್ಲಿದ್ದಾಗ, 2018ರ ವಸಂತದಲ್ಲಿ, ಅವಳ ಪಾಲಿಗೆ ಅರ್ಥವ್ಯವಸ್ಥೆಯ ಚೀಟಿ ಬಂತು. ಅಮೆರಿಕದ ಅಂತರ್ಯುದ್ಧಕ್ಕೆ ನಿಜವಾದ ಕಾರಣ ಏನು ಎಂದು ಶಾಲೆಯಲ್ಲಿ ಚರ್ಚಾಸ್ಪರ್ಧೆ ಇಟ್ಟಿದ್ದರು. ಗುಲಾಮಗಿರಿ, ಅರ್ಥವ್ಯವಸ್ಥೆ, ಉತ್ತರ ದಕ್ಷಿಣಗಳ ಜಗಳ ಎಂದು ಟೀಚರು ಮೂರು ಚೀಟಿ ಬರೆದು ಮೂರು ಗುಂಪಿನವರಿಂದ ಎತ್ತಿಸಿದ್ದರು. ಯಾವ ಚೀಟಿ ಬಂದರೂ ಅದೇ ಮುಖ್ಯ ಕಾರಣವೆಂದು ವಾದಿಸಬೇಕು. ಮಗಳು ಮುಖ ಊದಿಸಿಕೊಂಡು ಮನೆಗೆ ಬಂದಳು. ಗುಲಾಮಗಿರಿ ಸಿಕ್ಕವರು ಆಗಲೇ ಗೆದ್ದವರ ಹಾಗೆ ಓಡಾಡುತ್ತಿದ್ದಾರೆ, ನಮ್ಮದು ಸೋಲುವ ಚೀಟಿ ಎಂದಳು.

ನನಗೆ ಮಾತ್ರ ಒಳಗೊಳಗೇ ಖುಷಿ. ಧಾರವಾಡದಲ್ಲಿ ಓದುವಾಗ ನಾನು ಚರ್ಚಾಸ್ಪರ್ಧೆಗೆ ಹೆಸರಾದವಳು. ಪರ ಕೊಟ್ಟರೂ ಸರಿ, ವಿರೋಧ ಕೊಟ್ಟರೂ ಸರಿ, ಬಹುಮಾನ ತೆಗೆದುಕೊಂಡೇ ವೇದಿಕೆ ಇಳಿಯುತ್ತಿದ್ದೆ. ಆಮೇಲೆ ಮದುವೆಯಾಗಿ ಅಮೆರಿಕದ ಉತ್ತರದ ಗಡಿಯಾಚೆ, ಒಂಟಾರಿಯೋದ ಮಿಸಿಸಾಗಾಕ್ಕೆ ಬಂದೆ. ಮೆಡೋವೇಲಿನಲ್ಲಿ ಔಷಧ ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಕೆಲಸ ಹಿಡಿದೆ. ಅಲ್ಲಿ ವಾದ ಮಾಡುವವರನ್ನು ಯಾರೂ ಮೆಚ್ಚುವುದಿಲ್ಲ. ಗಂಡ ಒಶಾವಾದ ಕಾರ್ಖಾನೆಯ ಬೆಳಗಿನ ಶಿಫ್ಟು ಮುಗಿಸಿ ಬಂದು, ನಾನು ಎರಡನೇ ಅಂಶಕ್ಕೆ ಬರುವಷ್ಟರಲ್ಲಿ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ. ಹದಿನೈದು ವರ್ಷ ನಾಲಿಗೆ ಕಟ್ಟಿಕೊಂಡು ಕುಳಿತಿದ್ದ ನನಗೆ ಮಗಳ ಸೋಲುವ ಚೀಟಿ ಹಬ್ಬದೂಟದಂತೆ ಕಂಡಿತು.

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿಗೆ ಕುಳಿತು ಪಾಠ ಶುರುಮಾಡಿದೆ. ದಕ್ಷಿಣದವರದು ಹತ್ತಿ, ಉತ್ತರದವರದು ಕಾರ್ಖಾನೆ. ದಕ್ಷಿಣದವರು ಹತ್ತಿಯನ್ನು ಇಂಗ್ಲೆಂಡಿಗೆ ಮಾರಿ ಅಲ್ಲಿಂದ ಸಾಮಾನು ತರಿಸಿಕೊಳ್ಳುವವರು. ಉತ್ತರದವರು ತಮ್ಮ ಕಾರ್ಖಾನೆ ಉಳಿಯಲೆಂದು ಹೊರಗಿನ ಸಾಮಾನಿಗೆ ಸುಂಕ ಹಾಕಿಸುವವರು. ಒಂದೇ ಮನೆಯೊಳಗೆ ಎರಡು ಒಲೆ. ಒಂದು ಸೀಮೆಯವರು ಇನ್ನೊಂದು ಸೀಮೆಯವರ ಮೇಲೆ ಹೇಗೆ ಮುನಿಸಿಕೊಳ್ಳುತ್ತಾರೆ ಎಂಬುದಕ್ಕೆ ನಮ್ಮ ಕನ್ನಡದವರ ದೀಪಾವಳಿ ಊಟವನ್ನೇ ಉದಾಹರಣೆ ಕೊಟ್ಟೆ. ಬೆಂಗಳೂರು ಮೈಸೂರಿನವರು ಪ್ರತಿವರ್ಷ ಬಿಸಿಬೇಳೆಭಾತ್ ಎಂದು ತೀರ್ಮಾನ ಮಾಡಿಬಿಡುತ್ತಾರೆ, ನಾವು ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರು ಮೂಲೆಯ ಮೇಜಿನಲ್ಲಿ ರೊಟ್ಟಿ, ಎಣಗಾಯಿ ಇಟ್ಟುಕೊಂಡು ಗೊಣಗುತ್ತೇವೆ. ಮಗಳಿಗೆ ನಗು ಬಂತು.

"ಬಟ್ ಅಮ್ಮಾ, ಸ್ಲೇವರಿ?" ಎಂದಳು.

"ಅದನ್ನ ಬಾಜೂಕ ಇಡು. ಎದುರಿನವ್ರು ಎತ್ತಿದ್ರ ಹೆಂಗ ಹೇಳಬೇಕಂತ ನಾ ಹೇಳಿಕೊಡ್ತೇನಿ."

ಹೇಳಿಕೊಟ್ಟೆ. ಆ ಕಾಲದ ಯಜಮಾನರು ಏನು ಹೇಳುತ್ತಿದ್ದರೋ ಅದನ್ನೇ ಹೇಳಿಕೊಟ್ಟೆ. ಉತ್ತರದ ಕಾರ್ಖಾನೆಯಲ್ಲಿ ಕೆಲಸಗಾರ ಕಾಯಿಲೆ ಬಿದ್ದರೆ ಬೀದಿಪಾಲು; ದಕ್ಷಿಣದ ಯಜಮಾನ ತನ್ನ ಗುಲಾಮರು ಮುದುಕರಾದ ಮೇಲೂ ಅವರಿಗೆ ಅನ್ನ ಬಟ್ಟೆ ಕೊಡುತ್ತಿದ್ದ. ಅವನ ಮಕ್ಕಳನ್ನು ಎತ್ತಿ ಆಡಿಸಿದವರು ಅವರು. ಅವನ ಹೆಂಡತಿಯ ಬಾಣಂತನ ಮಾಡಿದವರು ಅವರು. ಅವರು ಮನೆಮಂದಿಯ ಹಾಗೇ ಇದ್ದರು. "ಮನೆಮಂದಿ ಅನ್ನೂ ಮುಂದ ದನಿ ಸ್ವಲ್ಪ ಇಳಿಸು, ಕೇಳೋರ ಮನಸ್ಸು ಕರಗಬೇಕು" ಎಂದೂ ಹೇಳಿದೆ. ಮಗಳು ಎಲ್ಲವನ್ನೂ ಟೈಪು ಮಾಡಿಕೊಂಡಳು. ಈಗ ನೆನಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಯಾಕೆಂದರೆ ಅಡುಗೆಮನೆಯಲ್ಲಿ ನಾವಿಬ್ಬರೇ ಇರಲಿಲ್ಲ. ಒಲೆಯ ಮುಂದೆ ಆಯಿ ಇದ್ದರು. ಸೊಂಟದ ಮೇಲೆ ಒಂದೂವರೆ ವರ್ಷದ ನನ್ನ ಮಗನನ್ನು ಇಟ್ಟುಕೊಂಡು, ಒಂದೇ ಕೈಯಲ್ಲಿ ರೊಟ್ಟಿ ತಿರುವಿ ಹಾಕುತ್ತಿದ್ದರು. ಮಗಳು ಅವರನ್ನು ಆಯಿ ಎನ್ನುತ್ತಿದ್ದಳು, ಅಜ್ಜಿ ಎಂದು. ಆದರೆ ಅವರು ಅವಳ ಅಜ್ಜಿಯಲ್ಲ, ನಮಗೆ ಯಾವ ಸಂಬಂಧವೂ ಇಲ್ಲ. ಬೆಳಗಾವಿ ಜಿಲ್ಲೆಯ ನನ್ನ ತವರಿನಲ್ಲಿ ಮೂರು ತಲೆಮಾರಿನಿಂದ ಕೆಲಸಕ್ಕಿದ್ದ ಮನೆತನ ಅವರದು. ಅವರ ಅತ್ತೆ ನನ್ನ ಅವ್ವನ ಬಾಣಂತನ ಮಾಡಿದವಳು. ನನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಎರೆದವಳೂ ಅವಳೇ. ಈಗ ಬರೆಯುವಾಗ ನಾನು ಆಯಿಯನ್ನು ಅವರು ಎಂದು ಬರೆಯುತ್ತಿದ್ದೇನೆ. ಆಗ ಹಾಗಿರಲಿಲ್ಲ. ನನಗಿಂತ ಹತ್ತು ವರ್ಷ ಹಿರಿಯರಾದ ಅವರು ನನಗೆ ಅಕ್ಕಾರ ಅನ್ನುವವರು, ನಾನು ಅವರಿಗೆ ನೀನು ಅನ್ನುವವಳು.

ಮಗಳು ಹುಟ್ಟಿದಾಗ ಇಲ್ಲಿ ನನಗೆ ಯಾರೂ ಇರಲಿಲ್ಲ. ಒಂದು ವಾರದ ಬಾಣಂತಿ ನಾನೇ ಮನೆ ಮುಂದಿನ ಹಿಮ ಗೋರಿದ್ದೆ. ಹನ್ನೆರಡು ವರ್ಷದ ಮೇಲೆ ಮತ್ತೆ ಬಸಿರಾದಾಗ, ಈ ಸಲ ಸರಿಯಾಗಿ ಬಾಣಂತನ ಮಾಡಿಸಿಕೊಂಡೇ ತೀರುತ್ತೇನೆ ಎಂದು ಹಟ ಹಿಡಿದೆ. ಅವ್ವನಿಗೆ ಮೊಣಕಾಲು ನೋವು, ವಿಮಾನ ಹತ್ತುವ ಹಾಗಿರಲಿಲ್ಲ. ಆಯಿಯನ್ನು ಕಳಿಸುತ್ತೇನೆ ಎಂದಳು. ಅವ್ವ ಆಯಿಯನ್ನು ಕೇಳಲಿಲ್ಲ, ಹೇಳಿದಳು. ಆಯಿಯ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕಾವಲುಗಾರ, ಅವನಿಗೂ ಹೇಳಿದಳು. ವೀಸಾದ ಕಾಗದದಲ್ಲಿ ಆಯಿ ನನಗೆ ಏನಾಗಬೇಕು ಎಂಬ ಜಾಗದಲ್ಲಿ ನಾನು ಚಿಕ್ಕಮ್ಮ ಎಂದು ಬರೆದೆ. ನಮ್ಮವರೇ ಅಲ್ಲವೇ, ಅದರಲ್ಲಿ ಸುಳ್ಳೇನು ಬಂತು ಎಂದುಕೊಂಡೆ.

2016ರ ಚಳಿಗಾಲಕ್ಕೆ ಮುಂಚೆ ಆಯಿ ಬಂದಿಳಿದರು. ಮನೆಗೆ ಬಂದ ಕೂಡಲೇ ನಾನು ಕೇಳಿದ ಮೊದಲ ವಸ್ತು ಪಾಸ್‌ಪೋರ್ಟು. "ಇಲ್ಲೆ ಇದು ಕಳದ್ರ ಭಾಳ ತ್ರಾಸು. ನನ್ನ ಕಡೆ ಕೊಡು, ಛೊಲೊ ಇಡ್ತೇನಿ." ಆಯಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಕ್ಲಾಸೆಟ್ಟಿನಲ್ಲಿ ಬೀಗ ಹಾಕುವ ಒಂದು ಪೆಟ್ಟಿಗೆಯಿತ್ತು. ನನ್ನ ಮದುವೆಯ ಇಳಕಲ್ ಸೀರೆಗಳ ಕೆಳಗೆ ಅದನ್ನು ಇಟ್ಟೆ.

ಬಾಣಂತನ ಅಂದರೆ ಬಾಣಂತನ. ಅಂಟಿನುಂಡಿ, ಅಳವಿ ಪಾಯಸ, ಬೆನ್ನಿಗೆ ಎಣ್ಣೆ, ಹೊಟ್ಟೆಗೆ ಬಟ್ಟೆ ಕಟ್ಟುವುದು, ಕೂಸಿಗೆ ಲೋಬಾನದ ಹೊಗೆ. ಮೊದಲ ದಿನ ಆ ಹೊಗೆಗೆ ಸ್ಮೋಕ್ ಅಲಾರ್ಮು ಬಡಿದುಕೊಂಡು, ಆಯಿ ಹೆದರಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಮದೊಳಗೆ ಓಡಿಹೋಗಿದ್ದರು. ಆಮೇಲೆ ಗಂಡ ಅಲಾರ್ಮಿಗೆ ಸ್ನಾನದ ಟೋಪಿ ತೊಡಿಸಿದ. ನಾನು ಆ ಮೂರು ತಿಂಗಳು ರಾಣಿಯ ಹಾಗೆ ಬದುಕಿದೆ. ಇದನ್ನು ಒಪ್ಪಿಕೊಳ್ಳದೆ ಹೋದರೆ ಮುಂದಿನದೆಲ್ಲ ಸುಳ್ಳಾಗುತ್ತದೆ.

ಮಾತಾಗಿದ್ದದ್ದು ಮೂರು ತಿಂಗಳಿಗೆ. ಆಮೇಲೆ ನಾನು ಮತ್ತೆ ಕೆಲಸಕ್ಕೆ ಸೇರುವವರೆಗೆ ಎಂದೆ. ಸೇರಿದ ಮೇಲೆ, ಇವನು ನಡೆಯುವವರೆಗೆ ಎಂದೆ. ನಡೆದ ಮೇಲೆ, ಡೇಕೇರಿನಲ್ಲಿ ಸೀಟು ಸಿಗುವವರೆಗೆ ಎಂದೆ. ಪ್ರತಿ ಸಲ ವೀಸಾದ ಅವಧಿ ಮುಂದಕ್ಕೆ ಹಾಕಿಸುವಾಗಲೂ ಪೆಟ್ಟಿಗೆಯಿಂದ ಪಾಸ್‌ಪೋರ್ಟು ತೆಗೆದು, ಅದೇ ಚಿಕ್ಕಮ್ಮನ ಕಥೆ ಬರೆದು, ಮತ್ತೆ ಸೀರೆಯ ಕೆಳಗೆ ಇಡುತ್ತಿದ್ದೆ. ಗಂಡ ಒಮ್ಮೆ ಮಾತ್ರ, ಆಯಿಗೆ ತಿಂಗಳ ಸಂಬಳ ಅಂತ ಏನಾದರೂ ಕೊಡಬೇಕಲ್ಲವೇ ಎಂದು ಕೇಳಿದ. "ಸಂಬಳ ಅಂದ್ರ ಹೊರಗಿನಾಕಿ ಮಾಡಿಧಂಗ ಆಗೂದಿಲ್ಲೇನು? ಆಕಿ ಮನಸ್ಸಿಗೆ ನೋವಾಗ್ತೈತಿ. ಹೋಗೂ ಮುಂದ ಉಡಿ ತುಂಬಿ ಕಳಸೂಣು" ಎಂದೆ. ಧಾರವಾಡದ ಬಹುಮಾನದ ವಾದಪಟು ನಾನು.

ಆಯಿಗೆ ಒಬ್ಬಳೇ ಮಗಳು. 2018ರ ಜನವರಿಯಲ್ಲಿ ಆಯಿ ಬೇಸ್‌ಮೆಂಟಿನಿಂದ ಮೇಲೆ ಬಂದು, ಮಗಳು ಬಸಿರಾಗಿದ್ದಾಳೆ, ಮೇ ತಿಂಗಳ ನಡುವೆ ದಿನ ತುಂಬುತ್ತವೆ ಎಂದರು. ಚೊಚ್ಚಲ ಬಾಣಂತನ ತವರಿನದು. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅದಕ್ಕೆಂದೇ ನಾನು ಸಮುದ್ರದಾಚೆಯಿಂದ ಒಬ್ಬ ಹೆಂಗಸನ್ನು ತರಿಸಿಕೊಂಡವಳು.

"ಇನ್ನಾ ಭಾಳ ದಿನಾ ಐತಲ್ಲ" ಎಂದೆ.

ಮಾರ್ಚಿನಲ್ಲಿ ಊರಿನಲ್ಲಿ ಅವಳ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡರು. ಆಯಿ ಮತ್ತೆ ಕೇಳಿದರು. ಲ್ಯಾಬಿನಲ್ಲಿ ಇನ್‌ಸ್ಪೆಕ್ಷನ್ ಇದೆ, ಈಗ ರಜೆ ಹಾಕುವ ಹಾಗಿಲ್ಲ ಎಂದೆ. ತಮ್ಮ ಮಗಳಿಗೆ ಹಸಿರು ಬಳೆ ತೊಡಿಸುವುದನ್ನು ಆಯಿ ನನ್ನ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋನಿನಲ್ಲಿ ನೋಡಿದರು. ಮೂರನೆಯ ಸಲ ಕೇಳಿದಾಗ ಮೇ ಕೊನೆಗೆ ಖಂಡಿತ ಕಳಿಸುತ್ತೇನೆ ಎಂದೆ, ಯಾಕೆಂದರೆ ಜೂನಿನಲ್ಲಿ ಡೇಕೇರಿನವರು ಸೀಟು ಕೊಡುತ್ತೇವೆ ಎಂದಿದ್ದರು. ಮೇ ನಡುವೆ ಹೆರಿಗೆ, ಮೇ ಕೊನೆಗೆ ಪ್ರಯಾಣ. ಎರಡನ್ನೂ ನಾನು ಬಲ್ಲೆ. "ಚೊಚ್ಚಲು ತಡಾ ಆಗ್ತೈತಿ ಬಿಡು" ಎಂದು ಸಮಾಧಾನ ಬೇರೆ ಹೇಳಿದೆ. ಆಯಿ ಹೌದ್ರಿ ಎಂದರು. ಆಯಿ ಯಾವತ್ತೂ ಹೌದ್ರಿ ಎನ್ನುವವರೇ.

ಆ ಭಾನುವಾರ, ಮನೆಮಂದಿಯ ಮಾತು ಮುಗಿದ ಮೇಲೆ, ಆಯಿ ಒಲೆ ಸಣ್ಣ ಮಾಡಿ ನಮ್ಮತ್ತ ತಿರುಗಿದರು.

"ಅಕ್ಕಾರ, ಒಂದ್ ಮಾತ್ ಕೇಳ್ಲ್ಯಾ? ಆ ಮಂದಿ ತಮ್ಮ ಊರಿಗಿ ಹೊಕ್ಕೇವಿ ಅಂದ್ರ, ಅವ್ರು ಬಿಡ್ತಿದ್ರೇನ್ರಿ?"

"ಎಲ್ಲಿಗಿ ಹೊಕ್ಕಾರ? ಅವ್ರು ಹುಟ್ಟಿದ್ದ ಅಲ್ಲೆ. ಹೊರಗ ಹೋದ್ರ ಹೊಟ್ಟಿಗಿ ಏನ್ ತಿಂತಾರ?" ನನಗೆ ಉತ್ತರಕ್ಕೆ ತಡವಾಗುವುದೇ ಇಲ್ಲ. ಮಗಳ ಕಡೆ ತಿರುಗಿ, "ಇದನ್ನೂ ಬರಕೊ, ಯಾರರ ಕೇಳ್ತಾರ" ಎಂದೆ.

ಮಗಳು ಬರೆದುಕೊಳ್ಳಲಿಲ್ಲ. ಆಯಿಯತ್ತ ನೋಡುತ್ತಾ ತನ್ನ ಹರಕು ಕನ್ನಡದಲ್ಲಿ, "ಬಿಡ್ತಿರಲಿಲ್ಲ ಆಯಿ. ಅವ್ರು ಓಡಿ ಓಡಿ ಇಲ್ಲಿ ಬರ್ತಿದ್ರು. ಇಲ್ಲೇ, ಒಂಟಾರಿಯೋಕ್ಕೆ" ಎಂದಳು.

"ಇಷ್ಟ್ ಥಂಡ್ಯಾಗ?" ಎಂದರು ಆಯಿ. "ಪಾಪ."

"ರೊಟ್ಟಿ ಹೊತ್ತಾಕತ್ತೈತಿ ನೋಡು" ಎಂದೆ ನಾನು. ರೊಟ್ಟಿ ಹೊತ್ತಿರಲಿಲ್ಲ.

ಸ್ಪರ್ಧೆ ಗುರುವಾರ ಮಧ್ಯಾಹ್ನ. ತಂದೆ ತಾಯಿ ಬರಬಹುದು ಎಂದಿದ್ದರಿಂದ ಅರ್ಧ ದಿನ ರಜೆ ಹಾಕಿದೆ. ಪುಟ್ಟಿ ಮಾತಾಡೂದು ನೋಡ್ಬೇಕ್ರಿ ಎಂದು ಆಯಿಯೂ ಆಸೆಪಟ್ಟರು, ಮಗನನ್ನು ಸ್ಟ್ರೋಲರಿನಲ್ಲಿ ಕೂರಿಸಿಕೊಂಡು ಬಂದರು. ತರಗತಿಯ ಹಿಂದೆ ಕುರ್ಚಿ ಸಾಲಾಗಿ ಹಾಕಿದ್ದರು. ನಾನು ಕುಳಿತೆ, ಆಯಿ ಸ್ಟ್ರೋಲರಿನ ಹಿಂದೆ ನಿಂತೇ ಇದ್ದರು. ಟೀಚರು ಬಂದು ನನ್ನ ಪಕ್ಕದ ಕುರ್ಚಿ ತೋರಿಸಿದರು. ಆಯಿ ಕೂರುವ ಮುಂಚೆ ನನ್ನ ಮುಖ ನೋಡಿದರು. ಟೀಚರು ಅದನ್ನು ಗಮನಿಸಿದರು ಎಂದು ನನಗೆ ಅನಿಸಿತು. ನಾನು ಬೇಗ ಬೇಗ "ಕೂಡು, ಕೂಡು" ಎಂದೆ.

ಮಗಳು ಚೆನ್ನಾಗಿ ಮಾತಾಡಿದಳು. ಹತ್ತಿ, ಸುಂಕ, ಕಾರ್ಖಾನೆ, ಪಶ್ಚಿಮದ ಹೊಸ ನೆಲ ಯಾರ ಪಾಲಿಗೆ ಎಂಬ ಹಣಾಹಣಿ, ಎಲ್ಲ ನಾನು ಹೇಳಿಕೊಟ್ಟ ಕ್ರಮದಲ್ಲೇ. ಮನೆಮಂದಿಯ ಮಾತಿಗೆ ಬಂದಾಗ ದನಿಯನ್ನು ಹೇಳಿದಷ್ಟೇ ಇಳಿಸಿದಳು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಪಕ್ಕದಲ್ಲಿ ಆಯಿ, ಒಂದು ಮಾತೂ ಅರ್ಥವಾಗದಿದ್ದರೂ, ಬಾಯಿ ತುಂಬ ನಗುತ್ತಿದ್ದರು.

ಆಗ ಗುಲಾಮಗಿರಿಯ ಗುಂಪಿನಿಂದ ಕನ್ನಡಕದ ಒಬ್ಬ ಪುಟ್ಟ ಹುಡುಗಿ ಎದ್ದು ನಿಂತಳು. ಅವರು ಮನೆಮಂದಿಯ ಹಾಗಿದ್ದರೆ, ಹೋಗುತ್ತೇವೆ ಎಂದಾಗ ಯಾಕೆ ಬಿಡುತ್ತಿರಲಿಲ್ಲ ಎಂದು ಕೇಳಿದಳು.

ಆಯಿ ಕೇಳಿದ ಪ್ರಶ್ನೆಯೇ. ಉತ್ತರವೂ ಮಗಳಿಗೆ ಗೊತ್ತಿತ್ತು, ನಾಲ್ಕು ದಿನದ ಹಿಂದೆ ನಾನೇ ಕೊಟ್ಟಿದ್ದೆ. ಅವಳು ಬಾಯಿ ತೆರೆದಳು. ಹಿಂದಿನ ಸಾಲಿನತ್ತ ಕಣ್ಣು ಹಾಯಿಸಿದಳು. ನನ್ನನ್ನು ನೋಡಲಿಲ್ಲ, ಆಯಿಯನ್ನು ನೋಡಿದಳು. ಕಾಗದಗಳನ್ನು ಮಡಚಿ, ನನ್ನ ಹತ್ತಿರ ಉತ್ತರವಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಕುಳಿತುಬಿಟ್ಟಳು.

"ಏನ್ ಕೇಳಿದ್ಳ್ರೀ ಆ ಹುಡುಗಿ?" ಎಂದು ಆಯಿ ನನ್ನ ಕಿವಿಯಲ್ಲಿ ಕೇಳಿದರು.

"ಏನಿಲ್ಲ ಬಿಡು" ಎಂದೆ.

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಕಾರು ಹತ್ತಿದ ಕೂಡಲೇ ಮಗಳ ಮೇಲೆ ಹರಿಹಾಯ್ದೆ. ಕೈಗೆ ಬಂದ ಗೆಲುವನ್ನು ಬಿಟ್ಟುಕೊಟ್ಟೆಯಲ್ಲ, ಉತ್ತರ ಬಾಯಿಪಾಠ ಮಾಡಿಸಿದ್ದೆನಲ್ಲ, ನಾಲಿಗೆ ಬಿದ್ದುಹೋಗಿತ್ತೇ ಎಂದೆಲ್ಲ ಕೂಗಾಡಿದೆ. ಅವಳು ಕಿಟಕಿಯತ್ತ ಮುಖ ಮಾಡಿ ಕುಳಿತಿದ್ದಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, ಕನ್ನಡದಲ್ಲಿ ಕೇಳಿದಳು:

"ಆಯಿ ಪಾಸ್‌ಪೋರ್ಟ್ ಎಲ್ಲೈತಿ?"

ಹಿಂದಿನ ಸೀಟಿನಿಂದ, ಮಗನ ಬಾಯಿಗೆ ಬಿಸ್ಕೀಟು ಇಡುತ್ತಾ, ಆಯಿಯೇ ಉತ್ತರ ಕೊಟ್ಟರು.

"ಅಕ್ಕಾರ ಕಡೆ ಐತಿ, ಪುಟ್ಟಿ. ಭಾಳ ಛೊಲೊ ಇಟ್ಟಾರ."

ಆ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಜಗಳ ತೆಗೆದು ಗೆಲ್ಲುತ್ತಿದ್ದೆ. ನನ್ನನ್ನು ಕಾಪಾಡಲೆಂದೇ ಆಯಿ ಹಾಗೆ ಹೇಳಿದ್ದರು. ನಮ್ಮ ಮನೆಯ ತಿರುವು ದಾಟಿ ಎರಡು ಸಿಗ್ನಲ್ ಮುಂದೆ ಹೋದ ಮೇಲೆ ನನಗೆ ದಾರಿ ತಪ್ಪಿದ್ದು ತಿಳಿಯಿತು.

ಮನೆಗೆ ಬಂದು ಪೆಟ್ಟಿಗೆ ತೆಗೆದೆ. ಮಗಳು ಬಾಗಿಲಲ್ಲಿ ನಿಂತಿದ್ದಳು. ಸೀರೆಗಳನ್ನು ಎತ್ತಿ ಅದನ್ನು ಹೊರತೆಗೆದಾಗ, ಮೂರು ಸಲ ತೆಗೆದು ಇಟ್ಟ ಆ ಪುಸ್ತಕದ ಮೊದಲ ಪುಟವನ್ನು ಅಂದೇ ಸರಿಯಾಗಿ ನೋಡಿದೆ. ಫೋಟೋದಲ್ಲಿ ಆಯಿ ಹೆದರಿದ್ದರು. ಅವರ ಪೂರ್ತಿ ಹೆಸರಿತ್ತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಯಿ ಒಂದೂವರೆ ವರ್ಷ ನನ್ನ ಮನೆಯಲ್ಲಿದ್ದಾಗ ಒಮ್ಮೆಯೂ ಆ ಹೆಸರಿನಿಂದ ಕರೆಯದ ನನಗೆ ಈಗ ಬರೆಯುವ ಹಕ್ಕೂ ಇಲ್ಲ. ಮಗಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರಕ್ಕೆ ಟಿಕೆಟ್ ಸಿಕ್ಕಿತು. ಅಷ್ಟು ಸುಲಭವಾಗಿ ಸಿಕ್ಕಿತು, ಅರ್ಧ ಗಂಟೆಯ ಕೆಲಸ. ಗಂಡ ಎರಡು ವಾರ ರಜೆ ಹಾಕುತ್ತೇನೆ ಎಂದ, ಅದೂ ಒಂದೇ ಮಾತಿಗೆ. ಜನವರಿಯಿಂದ ಬೆಟ್ಟದಷ್ಟು ಮಾಡಿಕೊಂಡಿದ್ದ ತೊಂದರೆಗಳೆಲ್ಲ ಚಹಾ ಆರುವಷ್ಟರಲ್ಲಿ ಮುಗಿದುಹೋದವು. ಆಯಿಗೆ ಹೇಳಿದಾಗ ಮೆಟ್ಟಿಲ ಮೇಲೆ ಕುಳಿತುಕೊಂಡರು. "ತಮ್ಮನ್ನ ಯಾರ್ ನೋಡಕೊಂತಾರ್ರಿ?" ಎಂದು ನನ್ನ ಮಗನನ್ನು ಕುರಿತು ಕೇಳಿದರು. ನನಗೆ ಕ್ಷಮೆ ಕೇಳಬೇಕೆನಿಸಿತು. ಯಾವ ಮಾತಿನಲ್ಲಿ ಕೇಳಬೇಕೋ ತಿಳಿಯದೆ, ಚೀಲ ಕಟ್ಟಿಕೊ ಎಂದೆ.

ಶನಿವಾರ ಬೆಳಿಗ್ಗೆ ಊರಿನಿಂದ ಫೋನು ಬಂತು. ದಿನ ತುಂಬುವ ಮುಂಚೆಯೇ ಹೆರಿಗೆಯಾಗಿತ್ತು, ಹೆಣ್ಣು ಕೂಸು, ಇಬ್ಬರೂ ಆರಾಮ. ಆಯಿ ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ್ದು ಒಂದೇ: "ಯಾರು ಎರದ್ರು? ಕೂಸಿಗಿ ಯಾರು ನೀರ್ ಹಾಕಿದ್ರು?" ಪಕ್ಕದ ಮನೆಯವರು ಎಂದು ತಿಳಿದಾಗ, ಅವರ ಕೈ ಸ್ವಲ್ಪ ಜೋರು ಎಂದು ಸಣ್ಣ ದನಿಯಲ್ಲಿ ಹೇಳಿ ಫೋನು ಇಟ್ಟರು. ಆಮೇಲೆ ಗೋಧಿ ಹುಗ್ಗಿ ಮಾಡಿ ನಮಗೆಲ್ಲ ಬಡಿಸಿದರು. ಎಂದಿನಂತೆ ಸ್ನಾನದ ಮನೆಯಲ್ಲಿ ಕಾಲು ಚಾಚಿ ಕುಳಿತು ನನ್ನ ಮಗನಿಗೆ ಎಣ್ಣೆ ಹಚ್ಚಿ ಎರೆದರು. ನಾನು ಹೊರಗೆ ಟವೆಲ್ ಹಿಡಿದು ನಿಂತಿದ್ದೆ. ಆ ನೀರಿನ ಸದ್ದು ಕೇಳುತ್ತಾ ನಿಂತದ್ದಕ್ಕಿಂತ ದೊಡ್ಡ ಶಿಕ್ಷೆ ನನಗೆ ಯಾರೂ ಕೊಟ್ಟಿಲ್ಲ.

ಸೋಮವಾರ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ, ರವಿಕೆಯ ಕಣ, ಒಂದು ಇಳಕಲ್ ಸೀರೆ. ಜೊತೆಗೆ ಒಂದು ಲಕೋಟೆ. ಅದರಲ್ಲಿ ಎಷ್ಟಿತ್ತೆಂದು ಬರೆಯಲು ನಾಚಿಕೆಯಾಗುತ್ತದೆ. ಆಯಿ ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡರು.

ಏರ್‌ಪೋರ್ಟಿಗೆ ಎಲ್ಲರೂ ಹೋದೆವು. ಕೌಂಟರಿನ ಹುಡುಗಿ ಬೋರ್ಡಿಂಗ್ ಪಾಸನ್ನು ಪಾಸ್‌ಪೋರ್ಟಿನೊಳಗೆ ಇಟ್ಟು ಆಯಿಯ ಕೈಗೆ ಕೊಟ್ಟಳು. ಆಯಿ ಎರಡೂ ಕೈಯಲ್ಲಿ ಹಿಡಿದು, ತಿರುಗಿ ನನ್ನತ್ತ ಚಾಚಿದರು.

"ತೊಗೋರಿ ಅಕ್ಕಾರ."

ನಾನು ತೆಗೆದುಕೊಂಡೆ. ತೆಗೆದುಕೊಂಡು ನನ್ನ ಕೈಚೀಲಕ್ಕೆ ಹಾಕಿ ಜಿಪ್ಪು ಎಳೆದೆ. ಬೇಕೆಂದು ಮಾಡಿದ್ದಲ್ಲ ಎಂದು ಬರೆಯಬಹುದು, ಅದು ನಿಜವೂ ಹೌದು. ಆ ಗುರುವಾರದಿಂದ ನಾಲ್ಕು ದಿನ ನಿದ್ದೆಯಿಲ್ಲದೆ ನನ್ನನ್ನು ನಾನೇ ಬೈದುಕೊಂಡ ಮೇಲೂ ಕೈಗೆ ಮಾತ್ರ ಏನೂ ತಿಳಿದಿರಲಿಲ್ಲ.

ಸೆಕ್ಯುರಿಟಿಯ ಬಾಗಿಲಲ್ಲಿ ನಿಂತವನು ಪಾಸ್‌ಪೋರ್ಟು ಕೇಳಿದ. ಆಯಿ ನನ್ನ ಕಡೆ ನೋಡಿದರು. ನಾನು ಇನ್ನೂ ಗಾಬರಿಯಲ್ಲಿ ಜಿಪ್ಪು ಹುಡುಕುವಷ್ಟರಲ್ಲಿ ಮಗಳು ನನ್ನ ಮುಂದೆ ಬಂದು ಅಂಗೈ ಚಾಚಿ ನಿಂತಳು. ಕೊಟ್ಟೆ. ಅವಳು ಅದನ್ನು ಆಯಿಯ ಕೈಯಲ್ಲಿಟ್ಟು, ಆ ಬೆರಳುಗಳನ್ನು ಒಂದೊಂದಾಗಿ ಮುಚ್ಚಿದಳು.

"ಇದು ನಿಂದು, ಆಯಿ. ಯಾರಿಗೂ ಕೊಡಬ್ಯಾಡ."

ಆಯಿ ಅದನ್ನು ಹಿಡಿದುಕೊಂಡು ಅಲ್ಲೇ ನಿಂತರು, ನನ್ನ ಮುಖ ನೋಡುತ್ತಾ. ನಾನು ತಲೆಯಾಡಿಸಿದ ಮೇಲೆಯೇ ಒಳಗೆ ಹೋದರು.